ಊರಿಗೆ ಮಿಟುಕು ಕೊಟ್ಟವನು

ಈ ಊರಿನಲ್ಲಿ ಯಾರನ್ನಾದರೂ ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಕೇಳಿ ನೋಡಿ, ಗಡಿಯಾರದ ಮಾತೇ ಬರುವುದಿಲ್ಲ. "ಮಿಟುಕು ಆದ ಮೇಲೆ" ಎನ್ನುತ್ತಾರೆ. ಅತ್ತೆ ಸೊಸೆಗೆ, "ಮಿಟುಕಿಗೆ ಮುಂಚೆ ಪಾತ್ರೆ ತೊಳೆದಿಟ್ಬಿಡಮ್ಮ" ಎನ್ನುತ್ತಾಳೆ. ಬೀದಿ ಸುತ್ತಲು ಹೊರಟ ಮಗನಿಗೆ ತಾಯಿ, "ಮಿಟುಕಾಗೋದ್ರೊಳಗೆ ಮನೆ ಸೇರ್ಲಿಲ್ಲ ಅಂದ್ರೆ ಕಾಲು ಮುರೀತೀನಿ ನೋಡು" ಎಂದು ಬಾಗಿಲವರೆಗೂ ಬೈದುಕೊಂಡೇ ಬರುತ್ತಾಳೆ. ಹೊರಗಿನಿಂದ ಬಂದ ಒಬ್ಬ ಹೊಸ ಅಳಿಯ, ಮಿಟುಕು ಎಂದರೆ ಯಾರೋ ಭಾರಿ ಕೋಪಿಷ್ಠ ಕಾವಲುಗಾರನಿರಬೇಕು ಎಂದುಕೊಂಡು, ಮೊದಲ ವಾರವಿಡೀ ಸಂಜೆಯಾದರೆ ಹೊಸ್ತಿಲು ದಾಟದೆ ಕೂತಿದ್ದನಂತೆ.

ಆ ಬಡಪಾಯಿಯ ತಪ್ಪೇನೂ ಇಲ್ಲ. ಮಿಟುಕು ಎಂದರೇನೆಂದು ತಿಳಿಯಬೇಕಾದರೆ ಈ ಊರಿನ ದೀಪದ ಕಥೆ ಗೊತ್ತಿರಬೇಕು. ಊರು ಇರುವುದು ರಸ್ತೆಯ ಕಟ್ಟಕಡೆಯಲ್ಲಿ. ನಡುವೆ ಗುಡ್ಡ ಅಡ್ಡ ಬಂದು ಸರ್ಕಾರದ ದೊಡ್ಡ ಲೈನು ಇತ್ತ ತಲೆ ಹಾಕಲೇ ಇಲ್ಲ. ಕಾದು ಕಾದು ಬೇಸತ್ತ ಹಿರಿಯರು ತಾವೇ ಸೇರಿ ಒಂದು ವಿದ್ಯುತ್ ಸಂಘ ಕಟ್ಟಿದರು, ಒಂದು ಡೀಸೆಲ್ ಎಂಜಿನ್ ತಂದರು, ಅದಕ್ಕೊಂದು ತಗಡಿನ ಮನೆ ಕಟ್ಟಿ ಪವರ್‌ಹೌಸ್ ಎಂದು ದೊಡ್ಡ ಹೆಸರಿಟ್ಟರು. ಬೆಳಗಿನ ಜಾವ ಎಂಜಿನ್ ಎದ್ದರೆ ಊರು ಏಳುತ್ತದೆ. ಎಲ್ಲರ ಊಟವಾಗಿ ಸ್ವಲ್ಪ ಹೊತ್ತಿಗೆ ಎಂಜಿನ್ ಮಲಗಿದರೆ ಊರು ಮಲಗುತ್ತದೆ. ಹಾಗೆ ಮಲಗಿಸುವ ಮುನ್ನ ಪವರ್‌ಹೌಸಿನವನು ದೊಡ್ಡ ಸ್ವಿಚ್ಚಿನ ಹಿಡಿಯನ್ನು ಮೂರು ಸಲ ಇಳಿಸಿ ಏರಿಸುತ್ತಾನೆ. ಊರಿನ ದೀಪವೆಲ್ಲ ಒಟ್ಟಿಗೆ ಕಣ್ಣು ಮಿಟುಕಿಸುತ್ತದೆ. ಅದೇ ಮಿಟುಕು. ಅಲ್ಲಿಂದ ಒಂದಿಷ್ಟು ಹೊತ್ತು, ಕೈಯಲ್ಲಿದ್ದ ಕೆಲಸ ಮುಗಿಸಿಕೊಂಡು ಹಾಸಿಗೆ ಕೊಡವಿಕೊಳ್ಳುವಷ್ಟು ಪುರುಸೊತ್ತು. ಆಮೇಲೆ ಕತ್ತಲು.

ಈ ಮಿಟುಕು ಹುಟ್ಟಿದ್ದು ಒಂದು ಮೀಸೆಯಿಂದ. ಮೊದಮೊದಲು ಹೇಳದೆ ಕೇಳದೆ ಎಂಜಿನ್ ನಿಲ್ಲಿಸುತ್ತಿದ್ದರು. ಒಂದು ದಿನ ಕ್ಷೌರದಂಗಡಿಯಲ್ಲಿ ಒಬ್ಬ ಗಿರಾಕಿಯ ಮೀಸೆ ಅರ್ಧ ಬೋಳಾಗಿದ್ದಾಗ ದೀಪ ಹೋಯಿತು. ಕತ್ತಲಲ್ಲಿ ಕತ್ತಿ ಆಡಿಸಲು ಕ್ಷೌರದವನಿಗೂ ಧೈರ್ಯವಿಲ್ಲ, ಕುತ್ತಿಗೆ ಒಡ್ಡಲು ಗಿರಾಕಿಗೂ ಧೈರ್ಯವಿಲ್ಲ. ಬೆಳಗಾಗುತ್ತಲೇ ಅವನು ಅರ್ಧ ಮೀಸೆ ಹೊತ್ತುಕೊಂಡು, ಸಿಕ್ಕಸಿಕ್ಕವರಿಗೆಲ್ಲ ಮುಖ ತೋರಿಸುತ್ತ, ಪವರ್‌ಹೌಸಿನ ಬಾಗಿಲಿಗೆ ಬಂದು ನಿಂತ. ಆಗ ಎಂಜಿನ್ ನೋಡಿಕೊಳ್ಳುತ್ತಿದ್ದವನು ನಮ್ಮ ಕಥಾನಾಯಕನ ಸೋದರಮಾವ. ಅವನು ಆ ಮುಖ ನೋಡಿ ನಗಲೂ ಆಗದೆ, ನಗದೆ ಇರಲೂ ಆಗದೆ, ಅಂದೇ ಮಿಟುಕು ಶುರುಮಾಡಿದ. ಪಕ್ಕದಲ್ಲಿ ಕೆಲಸ ಕಲಿಯುತ್ತಿದ್ದ ಸೋದರಳಿಯನಿಗೆ, "ಕತ್ತಲು ಮಾಡೋದು ನಮ್ಮ ಕೆಲಸ ಕಣೋ, ಏನೂ ಮಾಡೋಕಾಗಲ್ಲ. ಆದ್ರೆ ಹೇಳದೆ ಮಾತ್ರ ಮಾಡಬೇಡ" ಎಂದ. ಅಳಿಯ ಆ ಮಾತನ್ನು ಎದೆಯಲ್ಲಿಟ್ಟುಕೊಂಡ. ಮಾವನ ಕಾಲ ಮುಗಿದು ಹಿಡಿ ತನ್ನ ಕೈಗೆ ಬಂದ ಮೇಲೆ ಒಂದೇ ಒಂದು ದಿನ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಮಿಟುಕು ಕೊಟ್ಟು ಹೋದ. ಊರಿನ ಮಕ್ಕಳು ಅವನನ್ನು ಮಿಟುಕಣ್ಣ ಎಂದು ಕರೆದವು. ಆ ಮಕ್ಕಳಿಗೂ ಈಗ ತಲೆ ನರೆತಿದೆ, ಆದರೂ ಅವನು ಮಿಟುಕಣ್ಣನೇ. ಹೆತ್ತವರು ಇಟ್ಟ ಹೆಸರು ಅವನಿಗಾದರೂ ನೆನಪಿದೆಯೋ ಇಲ್ಲವೋ.

ತಪ್ಪಿಸಲಿಲ್ಲ ಎಂದೆನಲ್ಲ, ಆದರೆ ಮಾವನ ಕೈಕೆಳಗೆ ಕಲಿಯುತ್ತಿದ್ದಾಗ ಒಂದು ಸಲ ಹೆಚ್ಚಿಗೆ ಕೊಟ್ಟದ್ದುಂಟು. ಪವರ್‌ಹೌಸಿನ ಎದುರಿಗೇ ಹಾಸಿಗೆ, ದಿಂಬು, ರಜಾಯಿ ಹೊಲಿಯುವ ಅಂಗಡಿ. ಅಲ್ಲೊಬ್ಬಳು ಹುಡುಗಿ, ಮೋಟಾರಿನ ಹೊಲಿಗೆ ಯಂತ್ರದ ಮುಂದೆ ಕೂತರೆ ಜಗತ್ತೇ ಬೇಡ ಎನ್ನುವವಳು. ದೀಪ ಹೋಗುವ ಹೊತ್ತಿಗೆ ಅವಳದೊಂದು ಹೊಲಿಗೆ ಯಾವಾಗಲೂ ಬಾಕಿ. ಒಂದು ಸಂಜೆ ಬೀದಿ ದಾಟಿ ಬಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಊರಿಗೆಲ್ಲ ಹೇಳೋ ಹೊತ್ತಿಗೇ ನಂಗೂ ಹೇಳಿದ್ರೆ ಹೇಗೆ? ನಂಗೆ ಮಾತ್ರ ಸ್ವಲ್ಪ ಮುಂಚೆ ಹೇಳೋಕಾಗಲ್ವಾ?"

ಊರಿನ ದೀಪಕ್ಕೆಲ್ಲ ಇರುವುದು ಒಂದೇ ಹಿಡಿ, ಒಬ್ಬಳಿಗೆ ಮಾತ್ರ ಹೇಳುವುದಕ್ಕೆ ಬರುವುದಿಲ್ಲ ಎಂದು ತಿಳಿಸಿ ಹೇಳಬೇಕಾಗಿತ್ತು. ಹುಡುಗ ಉಗುಳು ನುಂಗಿ ತಲೆಯಾಡಿಸಿದ. ಅಂದು ಮಾವ ಊಟಕ್ಕೆ ಹೋದದ್ದೇ ತಡ, ಊರು ಇನ್ನೂ ತಟ್ಟೆಯ ಮುಂದೆ ಕೂತಿರುವಾಗ ಹಿಡಿಯನ್ನು ಮೂರು ಸಲ ಇಳಿಸಿ ಏರಿಸಿಬಿಟ್ಟ. ಅರ್ಧ ಬೆಂದದ್ದನ್ನೇ ಇಳಿಸಿದರು, ಅರ್ಧ ಉಂಡವರು ಕೈ ತೊಳೆದರು, ಶಾಲೆಯಲ್ಲಿ ನಡೆಯುತ್ತಿದ್ದ ನಾಟಕದಲ್ಲಿ ಕಳೆದುಹೋದ ಮಗಳು ಸಿಗುವ ಮೊದಲೇ ಪರದೆ ಬಿತ್ತು. ಬಿದ್ದೆವೋ ಎದ್ದೆವೋ ಎಂದು ಊರಿಗೆ ಊರೇ ಹಾಸಿಗೆ ಸೇರಿತು. ದೀಪ ಮಾತ್ರ ಹೋಗಲೇ ಇಲ್ಲ. ಈಗ ಹೋದೀತು, ಆಗ ಹೋದೀತು ಎಂದು ಎಲ್ಲರೂ ಉರಿಯುವ ದೀಪದ ಕೆಳಗೆ ಕಣ್ಣು ಬಿಟ್ಟುಕೊಂಡು ಮಲಗಿಯೇ ಇದ್ದರು. ಹೊಲಿಗೆ ಮುಗಿಸಿದವಳು ಅವಳೊಬ್ಬಳೇ. ಮಾರನೆಯ ದಿನ ಮಾವ ಕಿವಿ ಹಿಂಡಿದ, ಆಮೇಲೆ ಹೆಣ್ಣು ಕೇಳಲು ಹೋಗಿ ಅದೇ ಕೈಯಿಂದ ಹುಡುಗಿಯ ಮನೆಯ ಬಾಗಿಲು ತಟ್ಟಿದ. ಊರಿಗೆಲ್ಲ ಕಣ್ಣು ಹೊಡೆದು ಒಬ್ಬಳನ್ನು ಮದುವೆಯಾದ ಎಂದು ಇಂದಿಗೂ ಅವನನ್ನು ರೇಗಿಸುತ್ತಾರೆ.

ಅವಳು ವರ್ಷಗಟ್ಟಲೆ ಊರಿಗೆಲ್ಲ ಹಾಸಿಗೆ ಹೊಲಿದಳು. ಕೊನೆಗೆ ತನಗೇ ಮಲಗಲಾಗದ ಹಾಗಾಯಿತು. ಹತ್ತಿಯ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಹಾಸಿಗೆಗೆ ಬೆನ್ನು ತಾಗಿಸಿದರೆ ಉಸಿರು ಕಟ್ಟುತ್ತಿತ್ತು. ಅಂಗಡಿಯನ್ನು ಎರಡು ಬೀದಿ ಆಚೆ ಇದ್ದ ಮಗಳು ವಹಿಸಿಕೊಂಡಳು. ಮನೆಗೆ ಒಂದು ಉಸಿರಿನ ಯಂತ್ರ ಬಂತು. ಸಣ್ಣ ಪೆಟ್ಟಿಗೆಯಂಥದ್ದು, ಅದರ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತದೆ, ಮೂಗಿಗೆ ಸಿಕ್ಕಿಸಿಕೊಂಡ ನಳಿಕೆಯಲ್ಲಿ ಒಳ್ಳೆಯ ಗಾಳಿ ಬರುತ್ತದೆ. ಹಗಲೆಲ್ಲ ಅವಳು ಅದರ ಪಕ್ಕದಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುವಳು. ಆದರೆ ಯಂತ್ರಕ್ಕೆ ಕರೆಂಟು ಬೇಕು. ಮಿಟುಕಾಗಿ ದೀಪ ಹೋದರೆ ಯಂತ್ರವೂ ಮೌನ. ಆಮೇಲೆ ಬೆಳಗಿನವರೆಗೆ ಗೋಡೆಗೆ ದಿಂಬು ಒಟ್ಟಿ, ಒರಗಿ ಕೂತು, ಒಂದೊಂದು ಉಸಿರನ್ನೂ ಬೇಡಿ ತೆಗೆದುಕೊಂಡಂತೆ ತೆಗೆದುಕೊಳ್ಳುವುದು. ಮಿಟುಕಣ್ಣ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುವುದು. ಹೆಂಡತಿಯ ಉಸಿರು ನಿಲ್ಲಿಸುವ ಹಿಡಿ ತನ್ನ ಕೈಯಲ್ಲೇ ಇದೆ, ದಿನಾ ಅದನ್ನು ತಾನೇ ಇಳಿಸಬೇಕು ಎಂಬುದನ್ನು ನೆನೆದು ಅವನು ಇನ್ನೂ ಜೋರಾಗಿ ಬೀಸುತ್ತಿದ್ದ.

ಒಂದು ದಿನ ಮಿಟುಕು ಕೊಟ್ಟವನು ಎಂಜಿನ್ ನಿಲ್ಲಿಸದೆ ಹಾಗೇ ಮನೆಗೆ ಬಂದ. ಅವಳಿಗೆ ಅರ್ಥವಾಯಿತು. ನಳಿಕೆಯನ್ನು ತಾನೇ ಕಿತ್ತು ಪಕ್ಕಕ್ಕಿಟ್ಟಳು. "ಊರಿನ ಎಣ್ಣೇನ ನನ್ನ ಮೂಗಿಗೋಸ್ಕರ ಸುಡಬೇಡ. ಹೋಗು, ನಿಲ್ಸಿ ಬಾ" ಎಂದಳು. ಅವನು ಹೋಗಿ ನಿಲ್ಲಿಸಿ ಬಂದ. ವಿಷಯ ತಿಳಿದ ಸಂಘದವರು ತಾವಾಗಿಯೇ ಬಂದು, ಇರಲಿ, ಇನ್ನು ಮೇಲೆ ರಾತ್ರಿಯೂ ಓಡಲಿ ಎಂದರು. ಕಲ್ಲು ಮನಸ್ಸಿನವರಲ್ಲ ಈ ಊರಿನವರು. ಆದರೆ ಎಂಜಿನ್ ಒಪ್ಪಬೇಕಲ್ಲ. ವಯಸ್ಸಾದ ಎಂಜಿನ್, ಮೊದಲ ರಾತ್ರಿಯೇ, ಮಿಟುಕಾದ ಮೇಲೆ ನಾಲ್ಕು ಗಳಿಗೆ ಹೆಚ್ಚಿಗೆ ಓಡಿದ್ದಕ್ಕೇ ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತು. ಅದನ್ನು ರಿಪೇರಿ ಮಾಡುವಷ್ಟರಲ್ಲಿ ಇಡೀ ಊರೇ ಕತ್ತಲಲ್ಲಿ ಕೂತಿತು. "ಮನೇಲೂ ಕೆಮ್ಮು, ಕೆಲಸದಲ್ಲೂ ಕೆಮ್ಮು. ಇಬ್ಬರು ಮುದುಕೀರನ್ನ ಕಟ್ಟಿಕೊಂಡು ಚೆನ್ನಾಗಿ ಸಿಕ್ಕಿಹಾಕ್ಕೊಂಡೆ ನೀನು" ಎಂದು ಹೆಂಡತಿ ಏದುಸಿರಿನ ನಡುವೆಯೂ ನಕ್ಕಳು.

ಎಂಜಿನ್ ಇನ್ನು ಬಹಳ ದಿನ ಬಾಳದು ಎಂದು ಗೊತ್ತಾದ ಮೇಲೆ ಸಂಘ ಶಾಲೆಯ ಹಾಲಿನಲ್ಲಿ ಸಭೆ ಕರೆಯಿತು. ಅಧ್ಯಕ್ಷರು ಬೇಕರಿಯವರು, ಮಾತಿಗೆ ನಿಂತರೂ ಹಿಟ್ಟು ನಾದುವವರಂತೆ ಎರಡೂ ಕೈ ಆಡಿಸುವವರು. ಪ್ರಶ್ನೆ ಇಷ್ಟೇ. ಕೂಡಿಟ್ಟದ್ದನ್ನೆಲ್ಲ ಹಾಕಿ ಹೊಸ ಡೀಸೆಲ್ ಎಂಜಿನ್ ತರುವುದೋ, ಇಲ್ಲ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವುದೋ? ಗಾಳಿಯಂತ್ರದ ಬಗ್ಗೆ ಹೇಳಲು ಒಬ್ಬ ಎಂಜಿನಿಯರ್ ಹುಡುಗಿ ಬಂದಿದ್ದಳು. ಗುಡ್ಡದ ಗಾಳಿಯನ್ನು ಒಂದು ವರ್ಷದಿಂದ ಅಳೆಯುತ್ತಿದ್ದವಳು. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಎಣ್ಣೆ ತರುವ ಲಾರಿಯ ದಾರಿ ಕಾಯಬೇಕಾಗಿಲ್ಲ, ಹಗಲೂ ರಾತ್ರಿಯೂ ಕರೆಂಟು ಎಂದಳು.

ಹಗಲೂ ರಾತ್ರಿಯೂ ಎಂಬುದು ಕಿವಿಗೆ ಬಿದ್ದಾಗ ಮಿಟುಕಣ್ಣನಿಗೆ ಹೆಂಡತಿಯ ಯಂತ್ರ ನೆನಪಾಯಿತು. ಎಲ್ಲರೂ ಅವನ ಕಡೆಗೆ ತಿರುಗಿದರು. ಅವನು ಎದ್ದು ನಿಂತು ಟೋಪಿ ತೆಗೆದು ಮತ್ತೆ ಹಾಕಿಕೊಂಡು ಕೇಳಿದ: "ಅಲ್ಲಮ್ಮ, ಈ ಗಾಳಿ ನಿಲ್ಲೋದಾದ್ರೆ ಮುಂಚೆ ಮಿಟುಕು ಕೊಡುತ್ತಾ?"

ಸಭೆಯಲ್ಲಿ ನಗು ಎದ್ದಿತು. ಆದರೆ ಹುಡುಗಿ ನಗಲಿಲ್ಲ. ಮಿಟುಕು ಎಂದರೇನೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು, "ಇಲ್ಲ, ಗಾಳಿ ಹೇಳದೇನೇ ಹೋಗುತ್ತೆ, ನಾನು ಸುಳ್ಳು ಹೇಳಲ್ಲ. ಅದಕ್ಕೇ ಪಕ್ಕದಲ್ಲಿ ಬ್ಯಾಟರಿ ಮನೆ ಕಟ್ತೀವಿ. ಗಾಳಿ ಇದ್ದಾಗ ಅದು ತುಂಬಿಟ್ಟುಕೊಳ್ಳುತ್ತೆ, ಇಲ್ಲದಾಗ ಕೊಡುತ್ತೆ. ಅದೂ ಸಾಲದೆ ಹೋದ್ರೆ ಪವರ್‌ಹೌಸಲ್ಲಿ ಗಂಟೆ ಬಾರಿಸುತ್ತೆ. ಆಗ ಹಳೇ ಎಂಜಿನ್‌ನ ಎಬ್ಬಿಸೋಕೆ ನೀವಿರ್ತೀರಲ್ಲ" ಎಂದಳು.

ನ್ಯಾಯವಾದ ಉತ್ತರವೇ. ಆದರೂ ಕೈ ಎತ್ತುವ ಹೊತ್ತಿಗೆ ಮಿಟುಕಣ್ಣನ ಕೈ ಏಳಲಿಲ್ಲ. ಗಾಳಿಯ ಪರ ಊರಿನ ಕೈಗಳೆಲ್ಲ ಮೇಲಿದ್ದವು, ಅವನದು ತೊಡೆಯ ಮೇಲೇ ಇತ್ತು. ಹೊಸ ಎಂಜಿನ್‌ಗೂ ಎತ್ತಲಿಲ್ಲ. ಮನೆಗೆ ಬಂದು ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ, "ಊರಿಗೆ ಹೇಳದೆ ದೀಪ ಹೋದೀತು ಅನ್ನೋ ಭಯ ನಿಂಗೆ. ಹೇಳಿ ಹೋದ್ರೂ ನಂಗೆ ಉಸಿರು ಕಟ್ಟುತ್ತೆ ಕಣೋ. ನಂಗೆ ಮಿಟುಕು ಬೇಡ, ನಿದ್ದೆ ಬೇಕು. ಒಂದೇ ಒಂದು ರಾತ್ರಿ ಬೆನ್ನು ನೆಲಕ್ಕೆ ಹಾಕಿ ಮಲಗಬೇಕು" ಎಂದಳು.

ಕಟ್ಟುವ ಕೆಲಸ ಶುರುವಾಯಿತು. ರೆಕ್ಕೆ ಬರುತ್ತವೆ, ರೆಕ್ಕೆ ಬರುತ್ತವೆ ಎಂದು ಸುದ್ದಿ. ಈ ಊರಿನವರು ನೋಡಿದ ರೆಕ್ಕೆ ಎಂದರೆ ಸೂರಿನ ಫ್ಯಾನಿನದು, ಹೆಚ್ಚೆಂದರೆ ಅದಕ್ಕಿಂತ ನಾಲ್ಕು ಪಟ್ಟು ದೊಡ್ಡದಿರಬಹುದು ಎಂಬುದು ಅವರ ಅಂದಾಜು. ಬಡಗಿಯಂತೂ, ಪಾಪ, ರೆಕ್ಕೆಗಳು ಮಳೆಗೆ ನೆನೆಯಬಾರದೆಂದು ತನ್ನ ಶೆಡ್ಡಿನಲ್ಲಿದ್ದ ಹಲಗೆಗಳನ್ನೆಲ್ಲ ಹೊರಗೆ ಹಾಕಿ, ಗುಡಿಸಿ, ಜಾಗ ಮಾಡಿಟ್ಟಿದ್ದ. ರೆಕ್ಕೆ ದಾಟಲು ಬೀದಿಯ ತಂತಿಗಳನ್ನೆಲ್ಲ ಬಿಚ್ಚಿ ಇಳಿಸಬೇಕು ಎಂದು ಎಂಜಿನಿಯರ್ ಹುಡುಗಿ ಹೇಳಿದಾಗ ಮಿಟುಕಣ್ಣನಿಗೆ ಇದು ಅತಿಯಾಯಿತು ಅನ್ನಿಸಿತ್ತು. ಆದರೂ ಹೆಂಡತಿಯ ಯಂತ್ರಕ್ಕೆ ಹಿತ್ತಲಿನಿಂದ ಬೇರೆ ತಂತಿ ಎಳೆದು, ಏಣಿ ಹಾಕಿ ಒಂದೊಂದೇ ತಂತಿ ಇಳಿಸಿದ.

ಮರುದಿನ ಬೆಳಗ್ಗೆ ಊರ ಬಾಗಿಲಿನ ಸೇತುವೆಯ ಕಡೆಯಿಂದ ಲಾರಿ ಕಾಣಿಸಿಕೊಂಡಿತು. ಆಮೇಲೆ ಲಾರಿಯ ಹಿಂದಿನದು ಕಾಣಿಸಿಕೊಂಡಿತು. ಲಾರಿಯ ಮೂತಿ ಬೇಕರಿಯನ್ನು ದಾಟಿ, ಕ್ಷೌರದಂಗಡಿಯನ್ನು ದಾಟಿ, ಶಾಲೆಯ ಗೇಟಿಗೆ ಬಂತು. ರೆಕ್ಕೆಯ ತುದಿ ಇನ್ನೂ ಸೇತುವೆಯ ಮೇಲೇ ಇತ್ತು. ಅದು ಬರುತ್ತಿತ್ತು, ಬರುತ್ತಲೇ ಇತ್ತು. ಬಿಳಿಯ, ನುಣುಪಾದ, ಎಲ್ಲಿಯೂ ಒಂದು ಬೆಸುಗೆ ಕಾಣದ, ಒಂದು ಮೊಳೆ ಕಾಣದ, ನಡುವೆ ಸಣ್ಣಗೆ ಬಾಗಿದ ಒಂದೇ ಒಂದು ರೆಕ್ಕೆ. ಮನೆಗಳ ಮುಂಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ. ಯಾರೋ ಬಡಗಿಯ ಕಡೆಗೆ ತಿರುಗಿ, "ಶೆಡ್ಡಿನ ಬಾಗಿಲು ತೆಗೀಯಪ್ಪಾ" ಎಂದರು. ಬಡಗಿ ಬಾಯಿ ಮೇಲೆ ಕೈಯಿಟ್ಟುಕೊಂಡವನು ತೆಗೆಯಲೇ ಇಲ್ಲ.

ಮಿಟುಕಣ್ಣ ಅದರ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಬಂದ. ಎಂಜಿನ್ ಎಂದರೆ ಬಿಸಿ, ಮಸಿ, ಸದ್ದು, ಮೈಗೆ ಅಂಟುವ ಎಣ್ಣೆ ಎಂದೇ ತಿಳಿದವನು. ಕರೆಂಟು ಮಾಡುವ ಯಂತ್ರ ಇಷ್ಟು ಶುಭ್ರವಾಗಿರಲು ಹೇಗೆ ಸಾಧ್ಯ? ಅಂಗಿಗೆ ಕೈ ಒರೆಸಿಕೊಂಡು ಮೆಲ್ಲನೆ ಮುಟ್ಟಿದ. ಮೊಟ್ಟೆಯ ಚಿಪ್ಪು ಮುಟ್ಟಿದ ಹಾಗಿತ್ತು. ಅವನ ಮನೆಯ ಮುಂದೆ ತಿರುವಿನಲ್ಲಿ ಲಾರಿ ಸ್ವಲ್ಪ ಹೊತ್ತು ನಿಂತಾಗ, ಕಿಟಕಿಯ ಸರಳುಗಳ ನಡುವಿನಿಂದ ಒಂದು ಸಣಕಲು ಕೈ ಹೊರಗೆ ಬಂತು. ಹೆಂಡತಿ ನಳಿಕೆಯನ್ನು ಎಳೆದುಕೊಂಡೇ ಕಿಟಕಿಗೆ ಬಂದಿದ್ದಳು. ಅವಳು ರೆಕ್ಕೆಯ ಮೇಲೆ ಅಂಗೈಯಿಟ್ಟು, ಹೊಸ ಬಟ್ಟೆಯ ನೂಲು ನೋಡುವವಳಂತೆ ಅತ್ತಿಂದಿತ್ತ ಸವರಿದಳು. ಲಾರಿ ಮತ್ತೆ ಹೊರಟಾಗ ರೆಕ್ಕೆ ಅವಳ ಅಂಗೈಯ ಕೆಳಗೇ ಉದ್ದಕ್ಕೂ ಜಾರಿಕೊಂಡು ಹೋಯಿತು. ಅವಳು ಕೈ ತೆಗೆಯಲಿಲ್ಲ. ತುದಿ ದಾಟಿದ ಮೇಲೂ ಆ ಕೈ ಗಾಳಿಯಲ್ಲಿ ಹಾಗೇ ಇತ್ತು.

ಅಂಥವು ಆರು ಬಂದವು. ಎರಡು ಕಂಬ, ಕಂಬಕ್ಕೆ ಮೂರು ರೆಕ್ಕೆ. ಕಂಬಗಳು ಎದ್ದು ನಿಂತಾಗ ಗುಡ್ಡವೇ ಗಿಡ್ಡವಾಯಿತು. ಮೊದಲ ಸಲ ರೆಕ್ಕೆ ತಿರುಗುವ ದಿನ ಊರೆಲ್ಲ ಗುಡ್ಡ ಹತ್ತಿತು. ಬೇಕರಿಯವರು ಭಾಷಣಕ್ಕೆ ಸಿದ್ಧವಾಗಿ ಬಂದಿದ್ದರು. ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಲಿನದು ತಾನಾಗಿಯೇ ಅಲುಗಿತು. ಮೊದಲು ಹೌದೋ ಅಲ್ಲವೋ ಎನ್ನುವಷ್ಟು ನಿಧಾನ. ಒಂದು ರೆಕ್ಕೆ ಕೆಳಗಿಳಿಯಿತು, ಇನ್ನೊಂದು ಏರಿತು. ಎಂಜಿನ್ ಶುರುವಾಗುವಾಗಿನ ಕೆಮ್ಮಿಲ್ಲ, ಹೊಗೆಯಿಲ್ಲ, ಹ್ಯಾಂಡಲ್ ತಿರುಗಿಸುವ ಕೈಯಿಲ್ಲ. ಆಮೇಲೆ ರೆಕ್ಕೆ ಗಾಳಿಯನ್ನು ಸೀಳುವ ಸದ್ದು, ನಿದ್ದೆಯಲ್ಲಿರುವ ದೊಡ್ಡ ಪ್ರಾಣಿಯೊಂದರ ಉಸಿರಿನಷ್ಟು ನೆಮ್ಮದಿಯ ಸದ್ದು. ಮೂರು ರೆಕ್ಕೆಗಳ ನೆರಳು ಜನರ ಮೇಲೆ, ಹುಲ್ಲಿನ ಮೇಲೆ, ಕೆಳಗೆ ಊರಿನ ಸೂರುಗಳ ಮೇಲೆ ಒಂದರ ಹಿಂದೆ ಒಂದು ಹಾದುಹೋಯಿತು. ಭಾಷಣ ಅಲ್ಲಿಗೇ ಉಳಿಯಿತು.

ಮಿಟುಕಣ್ಣ ಕಂಬದ ಬುಡಕ್ಕೆ ಹೋಗಿ ಅಂಗೈಯಿಟ್ಟ. ಎಂಜಿನ್‌ನ ಆರೋಗ್ಯವನ್ನು ಅವನು ನೋಡುತ್ತಿದ್ದದ್ದೇ ಹಾಗೆ. ಒಳಗೊಂದು ಸಣ್ಣ ನಡುಕ ಕೈಗೆ ಬಂತು, ಅಲ್ಲಿಂದ ಮೊಣಕೈಗೆ, ಅಲ್ಲಿಂದ ಎದೆಗೆ. ಕತ್ತೆತ್ತಿ ನೋಡಿದ. ನೋಡಿದಷ್ಟೂ ಕಂಬ ಮೇಲಕ್ಕೇ ಹೋಗುತ್ತಿತ್ತು, ಅದರಾಚೆ ಆಕಾಶವೇ ತಿರುಗುತ್ತಿದೆ ಎನ್ನುವ ಹಾಗೆ ತಲೆ ಸುತ್ತಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. ಈ ಗಾಳಿ ತಾನು ಹುಟ್ಟಿದಂದಿನಿಂದ ಇದೇ ಗುಡ್ಡದ ಮೇಲೆ ಹಾಯುತ್ತಿತ್ತು. ಒಣಹಾಕಿದ ಬಟ್ಟೆ ಹಾರಿಸಿಕೊಂಡು ಹೋಗುತ್ತಿತ್ತು, ಹೆಂಚು ಸರಿಸುತ್ತಿತ್ತು, ಎಲ್ಲರಿಂದಲೂ ಬೈಸಿಕೊಳ್ಳುತ್ತಿತ್ತು. ಇಷ್ಟೊಂದು ಕೊಡುವುದಿತ್ತು ಅದರ ಹತ್ತಿರ, ಯಾರೂ ಕೇಳಿರಲಿಲ್ಲ. ಆದರೆ ಹಳೆಯ ಹೆದರಿಕೆಯೂ ಹಾಗೇ ಇತ್ತು. ಇಷ್ಟು ದೊಡ್ಡದು ನಿಂತರೆ ಯಾರು ಎಬ್ಬಿಸಿಯಾರು?

ಊರಿನ ಲೈನನ್ನು ಹೊಸದಕ್ಕೆ ಜೋಡಿಸುವ ದಿನ ಬಂತು. ಮಧ್ಯಾಹ್ನ ಎಂಜಿನಿಯರ್ ಹುಡುಗಿ ತಲೆಯಾಡಿಸಿದಳು, ಮಿಟುಕಣ್ಣ ಎಂಜಿನ್ ನಿಲ್ಲಿಸಿದ. ಮೇಲೆ ನೋಡಿದ. ದೀಪ ಉರಿಯುತ್ತಲೇ ಇತ್ತು. ಎಂಜಿನ್ ನಿಂತ ಮೇಲೂ ಉರಿಯುವ ದೀಪವನ್ನು ಅವನು ಬದುಕಿನಲ್ಲಿ ನೋಡಿರಲಿಲ್ಲ. ಹೊರಗೆ ಬಂದರೆ ಜನ ಬಾಗಿಲುಗಳಲ್ಲಿ ಕಿವಿಗೊಟ್ಟು ನಿಂತಿದ್ದರು. ಹಗಲೆಲ್ಲ ಗುಡುಗುಡು ಎನ್ನುತ್ತಿದ್ದುದು ನಿಂತು, ಅದರ ಅಡಿಯಲ್ಲಿದ್ದ ಸದ್ದುಗಳೆಲ್ಲ ಎದ್ದು ಬಂದಿದ್ದವು. ಶಾಲೆಯ ಮಕ್ಕಳ ಮಗ್ಗಿ ಬೇಕರಿಯವರೆಗೂ ಕೇಳುತ್ತಿತ್ತು. ಎದುರುಬದಿರು ಮನೆಯವರು ಎಂದಿನಂತೆ ಕೂಗಿ ಮಾತಾಡಿ, ತಮ್ಮ ಗಂಟಲಿಗೆ ತಾವೇ ಬೆಚ್ಚಿ ನಾಲಿಗೆ ಕಚ್ಚಿಕೊಂಡರು.

ಎಲ್ಲವೂ ಸರಿಯಾಗಿತ್ತು, ಸಂಜೆಯವರೆಗೆ. ಸಂಜೆ ಮಿಟುಕಣ್ಣ ಗುಡ್ಡದ ಕಡೆ ನೋಡಿದ. ರೆಕ್ಕೆಗಳು ನಿಂತಿದ್ದವು. ಎಲೆ ಅಲುಗುತ್ತಿರಲಿಲ್ಲ. ಗಾಳಿ ಮೊದಲ ದಿನವೇ, ಹೇಳದೆ ಕೇಳದೆ, ಎದ್ದು ಹೋಗಿತ್ತು. ಮನೆಯಲ್ಲಿ ಹೆಂಡತಿ, ಇಂದು ಮಲಗಿಯೇ ತೀರುತ್ತೇನೆ ಎಂದು ಗೋಡೆಗೆ ಒಟ್ಟಿದ್ದ ದಿಂಬುಗಳನ್ನೆಲ್ಲ ಮಗಳ ಕೈಯಲ್ಲಿ ತೆಗೆಸಿದ್ದಳು. ನಿದ್ದೆಯಲ್ಲಿದ್ದಾಗ ಯಂತ್ರ ನಿಂತರೆ? ಎಚ್ಚರವಾಗುವ ಮೊದಲೇ ಉಸಿರು ಕಟ್ಟಿದರೆ?

"ಬ್ಯಾಟರಿ ತುಂಬಿದೆ, ನೀವು ಮನೆಗೆ ಹೋಗಿ" ಎಂದಳು ಎಂಜಿನಿಯರ್ ಹುಡುಗಿ.

"ಇರಲಿ ಬಿಡಮ್ಮ. ಅದೂ ಇರಲಿ, ನಾನೂ ಇರ್ತೀನಿ" ಎಂದು ಮಿಟುಕಣ್ಣ ಪವರ್‌ಹೌಸಿನಲ್ಲೇ ಕುರ್ಚಿ ಎಳೆದುಕೊಂಡ. ಗಂಟೆ ಬಾರಿಸಿದ ಮರುಕ್ಷಣ ಎಂಜಿನ್ ಎಬ್ಬಿಸಬೇಕು. ತಣ್ಣಗೆ ಮಲಗಿದ್ದ ಎಂಜಿನ್‌ನ ಮೇಲೆ ಒಂದು ಕೈ, ಗಂಟೆಯ ಮೇಲೆ ಒಂದು ಕಣ್ಣು. ಮಿಟುಕಿನ ಹೊತ್ತು ಬಂತು. ಅಭ್ಯಾಸದ ಕೈ ಹಿಡಿಯ ಕಡೆಗೆ ಹೋಯಿತು. ಇಳಿಸಿದರೆ ಅವಳ ಯಂತ್ರವೂ ಮಿಟುಕುತ್ತದೆ ಎಂದು ನೆನಪಾಗಿ ಕೈ ಹಿಂದಕ್ಕೆ ಬಂತು. ದೀಪ ಇದ್ದೂ ಅವನು ಮಿಟುಕು ಕೊಡದೆ ಹೋದದ್ದು ಜೀವಮಾನದಲ್ಲಿ ಅದೇ ಮೊದಲು.

ಆಮೇಲಿನದು ಅವನಿಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು, ತಲೆಯ ಮೇಲೆ ದೀಪ. ಎರಡೂ ಒಟ್ಟಿಗೆ. ಗಂಟೆ ಬಾರಿಸಿರಲಿಲ್ಲ. ಹೊರಗೆ ಓಡಿ ಬಂದರೆ ಗುಡ್ಡದ ಮೇಲೆ ರೆಕ್ಕೆಗಳು ಏನೂ ನಡೆದೇ ಇಲ್ಲ ಎನ್ನುವ ಹಾಗೆ ತಿರುಗುತ್ತಿದ್ದವು. ಗಾಳಿ ಯಾವಾಗ ಹೋಗಿತ್ತೋ, ಯಾವಾಗ ಬಂತೋ, ದೀಪಕ್ಕೆ ಗೊತ್ತೇ ಆಗಿರಲಿಲ್ಲ. ಅದನ್ನು ನೋಡುತ್ತ ನಿಲ್ಲಲು ಮನಸ್ಸಾಯಿತು, ಆದರೆ ಕಾಲು ಮನೆಯ ಕಡೆಗೆ ಓಡಿತು.

ಬಾಗಿಲಲ್ಲೇ ನಿಂತುಬಿಟ್ಟ. ಹೆಂಡತಿ ಹಾಸಿಗೆಯ ಮೇಲೆ ನೆಟ್ಟಗೆ, ಅಂಗಾತ, ಅಲುಗಾಡದೆ ಮಲಗಿದ್ದಳು. ಅವಳನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೆಂದರೆ, ಆ ಭಂಗಿಗೆ ಅವನ ಮನಸ್ಸು ಒಂದೇ ಅರ್ಥ ಮಾಡಿತು. ಬಾಗಿಲ ಚೌಕಟ್ಟು ಹಿಡಿದುಕೊಂಡ. ಆಗ ಕೇಳಿಸಿತು, ಮೂಲೆಯಲ್ಲಿ ಗುಳುಗುಳು. ಅದರ ಜೊತೆಗೆ ಇನ್ನೊಂದು ಸದ್ದು. ಅವಳು ಗೊರಕೆ ಹೊಡೆಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ, ನಾನಾ, ಗೊರಕೆಯಾ ಎಂದು ಜಗಳಕ್ಕೆ ಬರುತ್ತಿದ್ದಳಲ್ಲ, ಅದೇ ಗೊರಕೆ. ಮಿಟುಕಣ್ಣ ಹೊಸ್ತಿಲ ಮೇಲೆ ಕುಸಿದು ಕೂತು, ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತ. ಸಂತೋಷಕ್ಕೆ ಅತ್ತ, ಎತ್ತದೆ ಹೋದ ಕೈಗೂ ಅತ್ತ.

"ಸದ್ದು ಮಾಡಬೇಡಿ ಅಪ್ಪಾ" ಎಂದು ಪಿಸುಗುಟ್ಟಿದಳು ಮಗಳು. ಅವಳ ಕಣ್ಣು ಕೆಂಡದ ಹಾಗಿತ್ತು. "ನೀವು ಮಿಟುಕು ಕೊಡ್ಲೇ ಇಲ್ಲ. ಈಗ ಕೊಡ್ತೀರಿ, ಆಗ ಕೊಡ್ತೀರಿ ಅಂತ ಕೂತೋಳು ಹಾಗೇ ಕೂತಿದೀನಿ!"

ಅವಳೊಬ್ಬಳೇ ಅಲ್ಲ. ಬೀದಿಗೆ ಬಂದು ನೋಡಿದರೆ ಊರಿಗೆ ಊರೇ ಕೆಂಗಣ್ಣು ಬಿಟ್ಟುಕೊಂಡು ಆಕಳಿಸುತ್ತಿತ್ತು. ದೀಪ ಆರಿಸಲು ಪ್ರತಿ ಮನೆಯಲ್ಲೂ ಸ್ವಿಚ್ಚಿದೆ, ನಿಜ. ಆದರೆ ಮಿಟುಕಾಗದೆ ಮಲಗುವುದು ಹೇಗೆ? ಹಾಸಿಗೆ ಹಾಸಿದವರು ಹಾಸಿಗೆಯ ಮೇಲೆ ಕೂತೇ ಇದ್ದರು. ಕ್ಷೌರದವನು, ಇನ್ನೂ ಹೊತ್ತಿದೆ ಎಂದು ಒಬ್ಬರಾದ ಮೇಲೆ ಒಬ್ಬರ ತಲೆ ಬೋಳಿಸುತ್ತಲೇ ಇದ್ದನಂತೆ. ಬೇಕರಿಯವರಂತೂ ಕಾದು ಕಾದು, ಮಲಗುವ ಹೊತ್ತಾಗಲಿಲ್ಲವಲ್ಲ ಎಂದು, ಎರಡು ದಿನದ ರೊಟ್ಟಿ ಸುಟ್ಟಿಟ್ಟಿದ್ದರು. ಆ ರಾತ್ರಿ ಊರಿನಲ್ಲಿ ಕಣ್ಣು ಮುಚ್ಚಿದವರು ಇಬ್ಬರೇ, ಮಿಟುಕಣ್ಣ ಮತ್ತು ಅವನ ಹೆಂಡತಿ.

ಜನ ಅಂದಿನ ಅರ್ಧ ಮೀಸೆಯವನಂತೆಯೇ ಬಂದು ಪವರ್‌ಹೌಸಿನ ಬಾಗಿಲಲ್ಲಿ ನಿಂತರು. "ಗಾಳಿ ಚೆನ್ನಾಗಿದೆ, ದೀಪ ಚೆನ್ನಾಗಿದೆ, ನಮ್ಮ ಮಿಟುಕು ನಮಗೆ ಕೊಡಿ" ಎಂದು ಪಟ್ಟು ಹಿಡಿದರು. ಎಂಜಿನಿಯರ್ ಹುಡುಗಿ ನಕ್ಕು, ಬೀದಿದೀಪದ ಲೈನನ್ನು ಮನೆಗಳ ಲೈನಿನಿಂದ ಬಿಡಿಸಿ, ಹಳೆಯ ಹಿಡಿಯನ್ನು ಅದೊಂದಕ್ಕೇ ಜೋಡಿಸಿಕೊಟ್ಟಳು. ಬೀದಿದೀಪ ಕಾಣದ ಕಿಟಕಿ ಈ ಊರಿನಲ್ಲಿ ಯಾವುದೂ ಇಲ್ಲ. ಉಸಿರಿನ ಯಂತ್ರಕ್ಕೂ ಇನ್ನು ಈ ಹಿಡಿಗೂ ಸಂಬಂಧವಿಲ್ಲ.

ಸಂಜೆ ಅವನು ಹೊರಡುವಾಗ ಹೆಂಡತಿ ಕರೆದಳು. ಮುಖದಲ್ಲಿ ಬಣ್ಣ ಬಂದಿತ್ತು. "ನಂಗೆ ಗಾಳಿ ಕೊಡೋಕೆ ಕೊನೆಗೆ ಗಾಳೀನೇ ಬರಬೇಕಾಯ್ತು ನೋಡು" ಎಂದಳು. ಆಮೇಲೆ, ಎದ್ದು ನಿಲ್ಲುವ ಶಕ್ತಿ ಇಲ್ಲದಿದ್ದರೂ, ಕೂತಲ್ಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ನಂಗೆ ಮಾತ್ರ ಸ್ವಲ್ಪ ಮುಂಚೆ ಹೇಳೋಕಾಗಲ್ವಾ?"

ಅವನು ಉಗುಳು ನುಂಗಿ ತಲೆಯಾಡಿಸಿದ.

ಊರು ಇನ್ನೂ ತಟ್ಟೆಯ ಮುಂದೆ ಕೂತಿರುವಾಗಲೇ ಬೀದಿದೀಪಗಳು ಮೂರು ಸಲ ಕಣ್ಣು ಮಿಟುಕಿಸಿದವು. ಅರ್ಧ ಬೆಂದದ್ದನ್ನು ಇಳಿಸುವ, ಅರ್ಧ ಉಂಡು ಕೈ ತೊಳೆಯುವ ಗಡಿಬಿಡಿ ಒಂದೊಂದೇ ಮನೆಯಿಂದ ಕೇಳಿಬಂತು. ಮಿಟುಕಣ್ಣ ನಗು ತಡೆದುಕೊಂಡು ಬೇಗ ಬೇಗ ಬೀದಿ ದಾಟಿ ಮನೆಗೆ ಬಂದ. ಅವಳು ಆಗಲೇ ಹಾಸಿಗೆಗೆ ಬೆನ್ನು ಹಾಕಿ, ಅವನಿಗೆ ಜಾಗ ಬಿಟ್ಟು ಮಲಗಿದ್ದಳು. ಅವನು ಬೀಸಣಿಗೆಯನ್ನು ಗೂಟಕ್ಕೆ ಸಿಕ್ಕಿಸಿ, ಪಕ್ಕದಲ್ಲಿ ಮಲಗಿಕೊಂಡ. ಮೇಲಿನ ದೀಪವನ್ನೇ ಇಬ್ಬರೂ ನೋಡುತ್ತಿದ್ದರು. ಮಿಟುಕಾಗಿ ಬಹಳ ಹೊತ್ತಾದರೂ ಅದು ಉರಿಯುತ್ತಲೇ ಇತ್ತು.